ಮನೆಯಲ್ಲಿ ಉಳಿದವರ ಹೆಸರು: ಪ್ರಾಚೀನ ಈಜಿಪ್ಟಿನ ಯಾತ್ರೆಯಿಂದ ಒಂದು ಪಾಠ



 ಈ ವಾರದ ಪೋಸ್ಟ್ ಬರೆಯುವ ಸರದಿ ನನ್ನದು. ಬೇರೆ ಏನೋ ಬರೆಯಬೇಕು ಅಂತಿದ್ದೆ. ಆದರೆ ಹೋದ ವಾರ ಚೆನ್ನೈನಲ್ಲಿರುವ ಒಬ್ಬ ಕನ್ನಿಸ್ವಾಮಿ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದರು. ಮಾಲೆ ಹಾಕಿ 23 ದಿನ ಆಗಿದೆ, ಆಫೀಸಿನಲ್ಲಿ ರಜೆ ಕ್ಯಾನ್ಸಲ್ ಮಾಡಿದ್ದಾರೆ, ನಾನು ಬೆಟ್ಟಕ್ಕೆ ಹೋಗದಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ದಂಡವಾ ಅಂತ. ಅದನ್ನು ಓದಿ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆ ನಾಲ್ಕು ವರ್ಷದ ಹಿಂದೆ ನನ್ನದೂ ಆಗಿತ್ತು. ಆಗ ಕೇಳಲು ನನಗೆ ಧೈರ್ಯ ಇರಲಿಲ್ಲ, ಅಷ್ಟೇ.

ನನ್ನ ಪರಿಚಯ ಇಲ್ಲದವರಿಗೆ: ನಾನು ಪುಣೆಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತೇನೆ. ಡಿಪ್ಲೊಮಾ ಓದಿದವನು. ಪ್ರಿಂಟರ್ ನಿಂತರೆ, ಪಾಸ್‌ವರ್ಡ್ ಮರೆತರೆ, ಸರ್ವರ್ ಬಿದ್ದರೆ ಜನ ನನಗೆ ಫೋನ್ ಮಾಡುತ್ತಾರೆ. ನಮ್ಮೂರು ಬಾಗಲಕೋಟೆ ಕಡೆ. ಅಪ್ಪ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಅವರು ಪ್ರತಿವರ್ಷ ಬೆಟ್ಟಕ್ಕೆ ಹೋಗುತ್ತಾರೆ. ಅವ್ವ ಒಮ್ಮೆಯೂ ಹೋದವಳಲ್ಲ.

ನನ್ನ ಎರಡನೆಯ ವರ್ಷದ ವ್ರತದಲ್ಲಿ, ಇರುಮುಡಿ ಕಟ್ಟಲು ಮೂರು ದಿನ ಇರುವಾಗ, ಆಗ ನಾನಿದ್ದ ಕಂಪನಿಯಲ್ಲಿ ಸರ್ವರ್‌ಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಕೆಲಸ ಆ ವಾರವೇ ಆಗಬೇಕೆಂದು ತೀರ್ಮಾನವಾಯಿತು. ಒಪ್ಪಿದ್ದ ರಜೆಯನ್ನು ವಾಪಸ್ ತೆಗೆದುಕೊಂಡರು. ವಾದ ಮಾಡಿದೆ, ಆಗಲಿಲ್ಲ. ಹೊಸ ಕೆಲಸ, ಬಿಡುವಂತಿರಲಿಲ್ಲ. ಅಪ್ಪ ಮತ್ತು ಉಳಿದ ಸ್ವಾಮಿಗಳು ಹೊರಟರು, ನಾನು ಉಳಿದೆ. ಆ ದಿನದ ಮಿಕ್ಕ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ ಸ್ಪಷ್ಟ ಇರಲಿ. ವ್ರತದ ನಿಯಮ ಏನು, ಹೋಗಲಾಗದಿದ್ದರೆ ಏನು ಮಾಡಬೇಕು ಎಂದು ಹೇಳಲು ನನಗೆ ಅಧಿಕಾರ ಇಲ್ಲ. ಅದನ್ನು ನಿಮ್ಮ ಗುರುಸ್ವಾಮಿಯವರನ್ನೇ ಕೇಳಿ. ನಾನು ಹೇಳುವುದು ಬೇರೆ: ನಮಗಿಂತ ಮೂರು ನಾಲ್ಕು ಸಾವಿರ ವರ್ಷ ಹಿಂದೆ, ಬೇರೆ ದೇಶದಲ್ಲಿ, ಬೇರೆ ದೇವರನ್ನು ನಂಬಿದ್ದ ಜನ ಯಾತ್ರೆಗೆ ಹೋಗುವವರನ್ನೂ ಮನೆಯಲ್ಲಿ ಉಳಿಯುವವರನ್ನೂ ಹೇಗೆ ಕಂಡರು ಅನ್ನುವುದು. ರಾತ್ರಿ ಪಾಳಿಯಲ್ಲಿ ಟಿಕೆಟ್ ಬಾರದ ಹೊತ್ತಿನಲ್ಲಿ ಓದಿ ತಿಳಿದದ್ದು.

ನನಗೆ ಮೊದಲು ಸಿಕ್ಕಿದ್ದು ಒಂದು ಹಾಜರಿ ಪಟ್ಟಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಸುಣ್ಣಕಲ್ಲಿನ ಚಪ್ಪಡಿ ಇದೆ. ಸುಮಾರು 38 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಎರಡು ಲ್ಯಾಪ್‌ಟಾಪ್ ಒಂದರ ಮೇಲೊಂದು ಜೋಡಿಸಿಟ್ಟಷ್ಟು ಅಂದುಕೊಳ್ಳಿ. ಎರಡನೆಯ ರಾಮ್ಸೆಸ್ ರಾಜನ ಆಳ್ವಿಕೆಯ 40ನೆಯ ವರ್ಷದ್ದು, ಅಂದರೆ ಸುಮಾರು ಕ್ರಿ.ಪೂ. 1240. ರಾಜರ ಸಮಾಧಿಗಳನ್ನು ಬೆಟ್ಟದೊಳಗೆ ಕೊರೆಯುತ್ತಿದ್ದ ಕೆಲಸಗಾರರಲ್ಲಿ ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಅದರಲ್ಲಿ ಗುಮಾಸ್ತ ಬರೆದಿಟ್ಟಿದ್ದಾನೆ. ನಲವತ್ತು ಜನರ ಹೆಸರು, 280 ದಿನಗಳ ಲೆಕ್ಕ. ದಿನಾಂಕ ಕಪ್ಪು ಶಾಯಿಯಲ್ಲಿ, ಕಾರಣ ಅದರ ಮೇಲೆ ಕೆಂಪು ಶಾಯಿಯಲ್ಲಿ. ನಮ್ಮ ಶಿಫ್ಟ್ ರೋಸ್ಟರ್‌ನಲ್ಲೂ ಗೈರುಹಾಜರಿಗೆ ಕೆಂಪು ಬಣ್ಣವೇ!

ಕಾರಣಗಳನ್ನು ಓದಿದರೆ ನಿಮ್ಮದೇ ಆಫೀಸು ಅನ್ನಿಸುತ್ತದೆ. ಹುಷಾರಿಲ್ಲ. ಕಣ್ಣುನೋವು. ಒಬ್ಬನಿಗೆ ಚೇಳು ಕಚ್ಚಿದೆ. ಮೇಲಿನವರು ಸ್ವಂತ ಕೆಲಸಕ್ಕೆ ಕರೆದುಕೊಂಡು ಹೋಗಿದ್ದಾರೆ (ಇದೂ ಆಗ ಇತ್ತು ನೋಡಿ). ಮನೆಯ ಹೆಣ್ಣುಮಗಳು ಮುಟ್ಟಾಗಿದ್ದಾಳೆ ಎಂದೂ ಬರೆದಿದೆ. ತಾಯಿಯ ಶವಕ್ಕೆ ಬಟ್ಟೆ ಸುತ್ತಬೇಕು ಎಂದು ಒಬ್ಬ ಉಳಿದಿದ್ದಾನೆ. ಆಮೇಲೆ, ದೇವರಿಗೆ ಅರ್ಪಿಸಬೇಕು. ತೀರಿಹೋದವರಿಗೆ ನೀರು ಬಿಡಬೇಕು. ಬಿಯರ್ ಮಾಡಬೇಕು.

ಬಿಯರ್ ಅಂದಕೂಡಲೇ ವ್ರತದಲ್ಲಿರುವ ಸ್ವಾಮಿಗಳು ಮುಖ ಸಿಂಡರಿಸಬೇಡಿ. ಅವರಿಗೆ ಅದು ನಮ್ಮ ಅಂಬಲಿಯ ಹಾಗೆ ದಿನದ ಆಹಾರ. ಜವೆಗೋದಿಯಿಂದ ಮನೆಯಲ್ಲೇ ಮಾಡುವುದು, ಸಂಬಳವೂ ಗೋದಿ ಮತ್ತು ಜವೆಗೋದಿಯ ರೂಪದಲ್ಲೇ ಬರುತ್ತಿತ್ತು. ಹಬ್ಬಕ್ಕೆ, ಎಡೆ ಇಡುವುದಕ್ಕೆ ಅದು ಬೇಕೇ ಬೇಕು. ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ಹೋಳಿಗೆ ಹೂರಣ ರುಬ್ಬಲು ಎಲ್ಲರೂ ಬೇಕಾಗುವಂತೆ, ಅಲ್ಲೂ ಗಂಡಸರು ರಜೆ ಹಾಕಿ ಮನೆಯಲ್ಲಿ ಕೈಜೋಡಿಸಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಆ ಗುಮಾಸ್ತನಿಗೆ ಇವೆಲ್ಲ ಒಂದೇ ಸಾಲಿನ ಕಾರಣಗಳು. ಚೇಳು ಕಚ್ಚಿದ್ದೂ ಕಾರಣ, ದೇವರ ಕಾರ್ಯವೂ ಕಾರಣ, ತಾಯಿಯ ಶವಸಂಸ್ಕಾರವೂ ಕಾರಣ. ಇದು ಮನೆಯ ವಿಷಯ, ಇದು ಧರ್ಮದ ವಿಷಯ, ಇದು ನೌಕರಿಯ ವಿಷಯ ಎಂದು ಮೂರು ಪೆಟ್ಟಿಗೆ ಮಾಡಿ ಇಟ್ಟಿಲ್ಲ.

ಆ ಕೆಲಸಗಾರರ ಊರನ್ನು ಈಗ ದೇರ್ ಎಲ್-ಮದೀನಾ ಎನ್ನುತ್ತಾರೆ. ಲಕ್ಸರ್ ಎದುರಿಗೆ, ನೈಲ್ ನದಿಯ ಪಶ್ಚಿಮ ದಡದಲ್ಲಿ. ಸುತ್ತ ಗೋಡೆ, ಒಳಗೆ ಸುಮಾರು 70 ಮನೆ, ಒಂದಕ್ಕೊಂದು ಅಂಟಿಕೊಂಡು. ಮುಂಬೈ ಚಾಳು ನೋಡಿದವರಿಗೆ ಬೇರೆ ವಿವರಣೆ ಬೇಡ. ವಾರ ಅಂದರೆ ಅವರಿಗೆ ಹತ್ತು ದಿನ. ಕೆಲಸದ ದಿನಗಳಲ್ಲಿ ಗಂಡಸರು ಬೆಟ್ಟದ ಮೇಲಿನ ಚಿಕ್ಕ ಗುಡಿಸಲುಗಳಲ್ಲೇ ಮಲಗಿ, ವಾರದ ಕೊನೆಗೆ ಮನೆಗೆ ಇಳಿದು ಬರುತ್ತಿದ್ದರು. ಹಾಗಾಗಿ ಹೆಚ್ಚಿನ ದಿನ ಆ ಊರಲ್ಲಿ ಇರುತ್ತಿದ್ದವರು ಹೆಂಗಸರು, ಮಕ್ಕಳು, ಮುದುಕರು.

ಬಾಗಿಲು ದಾಟಿದರೆ ಮೊದಲ ಕೋಣೆಯಲ್ಲಿ ಇಟ್ಟಿಗೆಯ ಒಂದು ಕಟ್ಟೆ. ಕೆಲವು ಮನೆಗಳಲ್ಲಿ ಅದರ ಮೇಲೆ ಬೆಸ್ ದೇವರ ಚಿತ್ರ. ಕುಳ್ಳ, ಗಡ್ಡ, ನಾಲಿಗೆ ಚಾಚಿದ ಮುಖ. ಬಾಣಂತಿ ಮತ್ತು ಕೂಸನ್ನು ಕಾಯುವವನು. ಎರಡನೆಯ ಕೋಣೆಯ ಗೋಡೆಯಲ್ಲಿ ಗೂಡು. ಆ ಗೂಡಿನಲ್ಲಿ ಮನೆಯಲ್ಲಿ ತೀರಿಹೋದ ಹಿರಿಯರ ಕಲ್ಲು ಅಥವಾ ಎದೆಮಟ್ಟದ ಚಿಕ್ಕ ಮೂರ್ತಿ. ಇಂಥ ಮೂರ್ತಿಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಹೆಚ್ಚಿನವು ಒಂದು ಗೇಣಿನಷ್ಟೇ ಎತ್ತರ. ವಿಚಿತ್ರ ಅಂದರೆ ಹೆಚ್ಚಿನವುಗಳ ಮೇಲೆ ಹೆಸರೇ ಇಲ್ಲ. ಮನೆಯವರಿಗೆ ಅದು ಅಜ್ಜನೋ ಅಜ್ಜಿಯೋ ಎಂದು ಬರೆದು ಹೇಳಬೇಕಾಗಿರಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ನಮ್ಮ ಮನೆಯ ದೇವರ ಜಗಲಿಯ ಪಕ್ಕದ ಮುತ್ಯಾನ ಫೋಟೋದ ಕೆಳಗೂ ಹೆಸರಿಲ್ಲ.

ಹಿರಿಯರೊಂದಿಗೆ ಅವರ ವ್ಯವಹಾರ ಎಷ್ಟು ನೇರ ಇತ್ತು ಅಂದರೆ, ಕಷ್ಟ ಬಂದಾಗ ತೀರಿಹೋದವರಿಗೆ ಕಾಗದ ಬರೆಯುತ್ತಿದ್ದರು. ಕೆಲವರು ಮಣ್ಣಿನ ಬಟ್ಟಲಿನ ಮೇಲೆಯೇ ಬರೆದಿದ್ದಾರೆ. ಕೈರೋ ಮ್ಯೂಸಿಯಂನಲ್ಲಿ ಅಂಥ ಒಂದು ಬಟ್ಟಲಿದೆ. ದೇದಿ ಎಂಬ ಹೆಂಗಸು ತೀರಿಹೋದ ಇಂಟೆಫ್ ಎಂಬವನಿಗೆ ಬರೆದದ್ದು. ವಿಷಯ ಏನು ಗೊತ್ತಾ? ಮನೆಗೆಲಸದ ಹುಡುಗಿ ಇಮಿಯು ಕಾಯಿಲೆ ಬಿದ್ದಿದ್ದಾಳೆ. ನೀನು ಹಗಲೂ ರಾತ್ರಿ ಅವಳ ಪರವಾಗಿ ಹೋರಾಡುತ್ತಿಲ್ಲ ಯಾಕೆ, ಅವಳಿಗೇನಾದರೂ ಆದರೆ ನಿನ್ನ ಮನೆಯೇ ಹಾಳಾಗುತ್ತದೆ ಎಂಬ ಜಗಳ. ನಾನು ದಿನಕ್ಕೆ ಮೂವತ್ತು ನಲವತ್ತು ದೂರಿನ ಟಿಕೆಟ್ ಓದುವವನು. ಇಷ್ಟು ಚೊಕ್ಕವಾಗಿ ಬರೆದ ದೂರನ್ನು ಕಂಡಿಲ್ಲ. ಮನೆ ನಿಂತಿರುವುದು ಯಾರ ಮೇಲೆ ಎಂದು ದೇದಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಯಾತ್ರೆಗೆ ಬರೋಣ.

ಪ್ರಾಚೀನ ಈಜಿಪ್ಟಿನವರ ದೊಡ್ಡ ಯಾತ್ರಾಸ್ಥಳ ಅಬಿಡೋಸ್. ಲಕ್ಸರ್‌ನಿಂದ ಉತ್ತರಕ್ಕೆ, ನೈಲ್ ನದಿಯಿಂದ ಸುಮಾರು 11 ಕಿ.ಮೀ. ಪಶ್ಚಿಮಕ್ಕೆ, ಹೊಲಗಳು ಮುಗಿದು ಮರಳುಗಾಡು ಶುರುವಾಗುವ ಜಾಗ. ಅಲ್ಲಿನ ದೇವರು ಒಸಿರಿಸ್. ಕಥೆ ಚಿಕ್ಕದಾಗಿ: ಒಸಿರಿಸ್ ಒಳ್ಳೆಯ ರಾಜ. ಅವನ ತಮ್ಮ ಸೆಟ್ ಅವನನ್ನು ಕೊಂದ. ಹೆಂಡತಿ ಐಸಿಸ್ ಹುಡುಕಿ ಅವನ ದೇಹವನ್ನು ಕೂಡಿಸಿದಳು. ಒಸಿರಿಸ್ ಸಾವಿನ ಆಚೆಯ ಲೋಕದ ಒಡೆಯನಾದ, ಮಗ ಹೋರಸ್ ಭೂಮಿಯ ರಾಜ್ಯ ಪಡೆದ. ಸತ್ತ ಮೇಲೂ ಬದುಕುಂಟು ಅನ್ನುವುದಕ್ಕೆ ಒಸಿರಿಸ್‌ನೇ ಅವರಿಗೆ ಸಾಕ್ಷಿ.

ಅಬಿಡೋಸ್‌ನ ಮರಳುಗಾಡಿನಲ್ಲಿ ಈಜಿಪ್ಟಿನ ಮೊಟ್ಟಮೊದಲ ರಾಜರ ಸಮಾಧಿಗಳಿವೆ. ಅದರಲ್ಲಿ ಒಂದು ಜೆರ್ ಎಂಬ ರಾಜನದು, ಸುಮಾರು ಕ್ರಿ.ಪೂ. 3000ದ್ದು. ಅದಾಗಿ ಸಾವಿರ ವರ್ಷದ ಮೇಲೆ, ಜನ ಆ ಸಮಾಧಿಯನ್ನೇ ಒಸಿರಿಸ್‌ನ ಸಮಾಧಿ ಎಂದು ನಂಬಿ ಅಲ್ಲಿಗೆ ಯಾತ್ರೆ ಹೋಗತೊಡಗಿದರು. ಅವರು ಶತಮಾನಗಟ್ಟಲೆ ತಂದು ಅರ್ಪಿಸಿದ ಮಣ್ಣಿನ ಬಟ್ಟಲುಗಳ ಚೂರು ಎಷ್ಟು ಬಿದ್ದಿವೆ ಅಂದರೆ, ಆ ಜಾಗದ ಅರಬ್ಬಿ ಹೆಸರೇ ಉಮ್ಮ್ ಎಲ್-ಕಾಬ್, ಮಡಕೆಗಳ ತಾಯಿ. ಇದನ್ನು ಓದುವಾಗ ನನಗೆ ಸನ್ನಿಧಾನದಲ್ಲಿ ತುಪ್ಪ ತೆಗೆದ ಮೇಲೆ ಬೆಂಕಿಗೆ ಬೀಳುವ ತೆಂಗಿನ ಹೋಳುಗಳ ರಾಶಿ ಕಣ್ಣಮುಂದೆ ಬಂತು. ನಮ್ಮ ಹೋಳುಗಳು ಉರಿದು ಬೂದಿಯಾಗುತ್ತವೆ, ಅವರ ಮಡಕೆ ಉಳಿದವು.

ವರ್ಷಕ್ಕೊಮ್ಮೆ ಉತ್ಸವ. ಮೊದಲು ವೆಪ್‌ವಾವೆಟ್ ಎಂಬ ದೇವರು ಹೊರಡುತ್ತಾನೆ. ನರಿಯ ರೂಪ, ಹೆಸರಿನ ಅರ್ಥವೇ ದಾರಿ ತೆರೆಯುವವನು. ಹಿಂದೆ ನೆಶ್ಮೆತ್ ಎಂಬ ದೋಣಿಯಲ್ಲಿ ಒಸಿರಿಸ್‌ನ ಮೂರ್ತಿ. ದೇವಸ್ಥಾನದಿಂದ ಸಮಾಧಿಯವರೆಗೆ ಸುಮಾರು 2 ಕಿ.ಮೀ. ಮರಳಿನ ಕಣಿವೆ. ದಾರಿಯಲ್ಲಿ ಶತ್ರುಗಳು ದೋಣಿಗೆ ಅಡ್ಡ ಬರುವುದು, ಅವರನ್ನು ಹೊಡೆದೋಡಿಸುವುದು, ಹೀಗೆ ಕಥೆಯನ್ನೇ ಆಡಿ ತೋರಿಸುತ್ತಿದ್ದರು. ಕೊನೆಗೆ ಒಸಿರಿಸ್ ಜಯಘೋಷದೊಂದಿಗೆ ತನ್ನ ಗುಡಿಗೆ ಮರಳುತ್ತಾನೆ. ನಮಗೆ ಇದು ಗೊತ್ತಿರುವುದಕ್ಕೆ ಮುಖ್ಯ ಕಾರಣ ಇಖೆರ್ನೊಫ್ರೆಟ್ ಎಂಬ ಖಜಾನೆಯ ಅಧಿಕಾರಿ. ಕ್ರಿ.ಪೂ. 19ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೆನುಸ್ರೆಟ್ ರಾಜ, ನೂಬಿಯಾದಿಂದ ತಂದ ಚಿನ್ನದಿಂದ ದೇವರ ಮೂರ್ತಿಯನ್ನು ಅಲಂಕರಿಸಿ ಬಾ ಎಂದು ಅವನನ್ನು ಕಳಿಸಿದ್ದ. ತಾನು ಮಾಡಿದ್ದನ್ನೆಲ್ಲ ಅವನು ಕಲ್ಲಿನ ಮೇಲೆ ಕೆತ್ತಿಸಿಟ್ಟ. ಆ ಕಲ್ಲು ಈಗ ಬರ್ಲಿನ್ನಿನಲ್ಲಿದೆ.

ಈ ಉತ್ಸವದ ದಾರಿಯ ಅಂಚಿನಲ್ಲಿ, ದೇವಸ್ಥಾನದ ಹತ್ತಿರದ ಎತ್ತರದ ಜಾಗದಲ್ಲಿ, ಜನ ಚಿಕ್ಕ ಚಿಕ್ಕ ಗುಡಿ ಕಟ್ಟಿಸುತ್ತಿದ್ದರು. ಮಣ್ಣಿನ ಇಟ್ಟಿಗೆ, ಮೇಲೆ ಸುಣ್ಣ. ಕೆಲವುಗಳ ಮುಂದೆ ಗುಂಡಿ ತೋಡಿ ಒಂದು ಗಿಡವನ್ನೂ ನೆಟ್ಟಿದ್ದರು. ಒಳಗೆ ಯಾರ ಹೆಣವೂ ಇಲ್ಲ. ಕಟ್ಟಿಸಿದವನ ಸಮಾಧಿ ಅವನ ಊರಲ್ಲೇ ಇರುತ್ತಿತ್ತು. ಇಲ್ಲಿರುವುದು ಕಲ್ಲಿನ ಫಲಕ ಮಾತ್ರ. ವರ್ಷ ವರ್ಷ ದೇವರು ಆ ದಾರಿಯಲ್ಲಿ ಹೋಗುವಾಗ ಕಾಣಬೇಕು, ದೇವರ ಮುಂದೆ ಹಾಕಿದ ಧೂಪದ ವಾಸನೆ ತನಗೂ ಬರಬೇಕು, ದೇವರ ಎಡೆಯಲ್ಲಿ ತನಗೂ ಪಾಲು ಸಿಗಬೇಕು ಎಂಬ ಆಸೆ. ಜಾಗಕ್ಕೆ ಎಷ್ಟು ಬೇಡಿಕೆ ಇತ್ತು ಅನ್ನುವುದಕ್ಕೆ ಒಂದು ಕಲ್ಲಿನ ರಾಜಾಜ್ಞೆಯೇ ಸಾಕ್ಷಿ. 13ನೆಯ ರಾಜವಂಶದ ನೆಫರ್‌ಹೋಟೆಪ್ ರಾಜನ ಹೆಸರಿರುವ ಆ ಕಲ್ಲು, ಉತ್ಸವದ ದಾರಿಯಲ್ಲಿ ಯಾರೂ ಸಮಾಧಿ ಕಟ್ಟಬಾರದು, ಕಟ್ಟಿದರೆ ಸುಡುವ ಶಿಕ್ಷೆ ಎನ್ನುತ್ತದೆ. ಒತ್ತುವರಿ ಸಮಸ್ಯೆ ನಮ್ಮ ಕಾಲದ್ದು ಮಾತ್ರ ಅಲ್ಲ.

ಆ ಫಲಕಗಳನ್ನು ಸ್ವಲ್ಪ ನಿಂತು ನೋಡಬೇಕು. ನೂರಾರು ಸಿಕ್ಕಿವೆ, ಕೈರೋ, ಲಂಡನ್, ಪ್ಯಾರಿಸ್, ಲೈಡನ್ ಅಂತ ಹಂಚಿಹೋಗಿವೆ. ಕೆಲವು ಅರಮನೆಯ ಶಿಲ್ಪಿಯ ಕೈಕೆಲಸ, ಕೆಲವು ಹಳ್ಳಿಯ ಕಲ್ಲುಕುಟಿಗ ಅವಸರದಲ್ಲಿ ಗೀಚಿದಂಥವು. ನಾನು ಅಂದುಕೊಂಡಿದ್ದೆ, ಯಾತ್ರೆಯ ನೆನಪಿನ ಕಲ್ಲು ಅಂದಮೇಲೆ ಯಾತ್ರಿಕನ ಹೆಸರು ಮಾತ್ರ ಇರುತ್ತದೆ ಎಂದು. ಹಾಗಿಲ್ಲ. ಕಟ್ಟಿಸಿದವನ ಪಕ್ಕದಲ್ಲಿ ಹೆಂಡತಿ. ಕೆಳಗೆ ತಂದೆ, ತಾಯಿ, ಮಕ್ಕಳು. ಅಣ್ಣತಮ್ಮಂದಿರು, ಅಕ್ಕತಂಗಿಯರು. ಅದರ ಕೆಳಗಿನ ಸಾಲಿನಲ್ಲಿ ಜೊತೆಗೆ ಕೆಲಸ ಮಾಡುವವರು. ಇನ್ನೂ ಕೆಳಗೆ ಬಂದರೆ ಮನೆಯ ದಾದಿ, ಬಿಯರ್ ಮಾಡುವವನು, ಬಡಿಸುವವನು. ಒಬ್ಬೊಬ್ಬರ ಚಿತ್ರ ಹೆಬ್ಬೆರಳಷ್ಟು, ಪಕ್ಕದಲ್ಲಿ ಹೆಸರು. ಹೆಸರಿನ ಜೊತೆ ಹೆಚ್ಚಾಗಿ ಇಂಥವಳ ಮಗ, ಇಂಥವಳ ಮಗಳು ಎಂದು ತಾಯಿಯ ಹೆಸರನ್ನೂ ಬರೆಯುತ್ತಿದ್ದರು. ಇಖೆರ್ನೊಫ್ರೆಟ್‌ನ ಗುಡಿಯಲ್ಲಂತೂ ಅವನ ಕೈಕೆಳಗಿನವರು ತಮ್ಮ ಸ್ವಂತ ಕಲ್ಲುಗಳನ್ನೂ ಇಟ್ಟಿದ್ದರು.

ಈ ಹೆಸರಿನವರೆಲ್ಲ ಅಬಿಡೋಸ್‌ಗೆ ಬಂದಿರಲು ಸಾಧ್ಯವೇ ಇಲ್ಲ. ದಾದಿ ಕೂಸನ್ನು ಬಿಟ್ಟು ಬರುವುದು ಹೇಗೆ? ಬಂದವನು ಮನೆಯನ್ನೇ ಹೊತ್ತು ತಂದಿದ್ದಾನೆ. ಕೆತ್ತುವವನ ಮುಂದೆ ಕೂತು, ಇನ್ಯಾರನ್ನಾದರೂ ಮರೆತೆನಾ ಎಂದು ಬೆರಳು ಮಡಚಿ ಎಣಿಸುವ ಒಬ್ಬ ಮನುಷ್ಯನನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಕಲ್ಲು ಕೆತ್ತುವುದಕ್ಕೆ ಖರ್ಚಿದೆ. ಆದರೂ ಬಿಯರ್ ಮಾಡುವವನ ಹೆಸರನ್ನು ಬಿಟ್ಟಿಲ್ಲ.

ಬಹಳ ಫಲಕಗಳಲ್ಲಿ ಇನ್ನೊಂದು ಕೋರಿಕೆ ಇರುತ್ತದೆ. ದಾರಿಯಲ್ಲಿ ಹೋಗುವ ಬದುಕಿರುವ ಜನರೇ, ಈ ಹೆಸರು ಓದಿ, ಇವರಿಗೆ ರೊಟ್ಟಿ, ಬಿಯರ್, ಮಾಂಸ, ಬಟ್ಟೆ ಸಿಗಲಿ ಎಂದು ಬಾಯಲ್ಲಿ ಹೇಳಿ ಹೋಗಿ ಎಂಬ ಅರ್ಥದ್ದು. ಇದರಿಂದ ನಿಮಗೇನೂ ಖರ್ಚಿಲ್ಲ, ಬಾಯಿಯ ಉಸಿರು ಮಾತ್ರ ಎಂದು ಕೆಲವರು ಸೇರಿಸಿದ್ದಾರೆ. ಅವರ ನಂಬಿಕೆಯಲ್ಲಿ ಹೆಸರು ಮನುಷ್ಯನದೇ ಒಂದು ಭಾಗ. ಹೆಸರನ್ನು ಉಚ್ಚರಿಸಿದರೆ ಆ ಮನುಷ್ಯ ಅಲ್ಲಿ ಇದ್ದ ಹಾಗೆ.

ಬದುಕಿರುವಾಗ ಹೋಗಲು ಆಗದವರಿಗೂ ದಾರಿ ಇತ್ತು. ಲಕ್ಸರ್ ಹತ್ತಿರ ಸುಮಾರು ಕ್ರಿ.ಪೂ. 1400ರ ಕಾಲದ ಮೆನ್ನಾ ಎಂಬವನ ಸಮಾಧಿ ಇದೆ. ರಾಜನ ಹೊಲಗಳ ಲೆಕ್ಕ ಬರೆಯುತ್ತಿದ್ದ ಅಧಿಕಾರಿ. ಅದರ ಗೋಡೆಯಲ್ಲಿ ಅಬಿಡೋಸ್ ಯಾತ್ರೆಯ ದೋಣಿಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಇಂಥ ಚಿತ್ರ ಆ ಕಾಲದ ಬಹಳ ಸಮಾಧಿಗಳಲ್ಲಿದೆ. ಹೋಗುವ ದೋಣಿಗೆ ಹಾಯಿ ಇಲ್ಲ, ಬರುವ ದೋಣಿಗೆ ಹಾಯಿ ಬಿಚ್ಚಿದೆ. ಕಾರಣ ಸರಳ. ನೈಲ್ ಉತ್ತರಕ್ಕೆ ಹರಿಯುತ್ತದೆ, ಗಾಳಿ ಉತ್ತರದಿಂದ ಬೀಸುತ್ತದೆ. ಲಕ್ಸರ್‌ನಿಂದ ಅಬಿಡೋಸ್‌ಗೆ ನೀರಿನ ಜೊತೆ ಹುಟ್ಟು ಹಾಕಿಕೊಂಡು ಹೋಗಬೇಕು, ಬರುವಾಗ ಗಾಳಿ ಎಳೆದು ತರುತ್ತದೆ. ಅವರ ಲಿಪಿಯಲ್ಲೂ ದಕ್ಷಿಣಕ್ಕೆ ಹೋಗುವುದು ಅಂದರೆ ಹಾಯಿ ಬಿಚ್ಚಿದ ದೋಣಿಯ ಚಿಹ್ನೆ, ಉತ್ತರಕ್ಕೆ ಅಂದರೆ ಹಾಯಿಯಿಲ್ಲದ ದೋಣಿ. ಸತ್ತವರು ಗೋಡೆಯ ಆ ದೋಣಿಯಲ್ಲಿ ಅಬಿಡೋಸ್‌ಗೆ ಹೋಗಿ ಬರುತ್ತಾರೆ ಎಂದು ನಂಬಿದ್ದರು. ಗಂಡ ಹೆಂಡತಿ ಇಬ್ಬರೂ ಜೋಡಿಯಾಗಿ ಕೂತಿರುವ ಚಿತ್ರಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಈಜಿಪ್ಟಿನವರು ನಮ್ಮಿಂದಲೇ ಕಲಿತರು, ಅಥವಾ ಒಸಿರಿಸ್ ಅಂದರೆ ನಮ್ಮ ಇಂಥ ದೇವರೇ ಎಂದು ವಾಟ್ಸಾಪ್‌ನಲ್ಲಿ ಹಾಕಬೇಡಿ. ಹಾಗೆ ನಾನು ಹೇಳುತ್ತಿಲ್ಲ. ಅವರ ಯಾತ್ರೆಯ ಹಿಂದೆ ಇದ್ದದ್ದು ಸಾವಿನ ಆಚೆಯ ಬದುಕಿನ ಚಿಂತೆ. ನಮ್ಮದು ಬೇರೆ. ಅವರದನ್ನು ಅವರದಾಗಿಯೇ ನೋಡಿದರೆ ಸಾಕು, ಅದರಲ್ಲೇ ಬೇಕಾದಷ್ಟು ಇದೆ. ಹೈದರಾಬಾದಿನ ಸ್ವಾಮಿಗಳಿಗೆ ಒಂದು ಸೂಚನೆ: ನಿಮ್ಮೂರಿನ ರಾಜ್ಯ ಮ್ಯೂಸಿಯಂನಲ್ಲೇ ಒಂದು ಈಜಿಪ್ಟಿನ ಮಮ್ಮಿ ಇದೆ, ವ್ರತ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ.

ಕೊನೆಯ ಉದಾಹರಣೆ ಇನ್ನೂ ಸಾವಿರ ವರ್ಷ ಈಚಿನದು. ಕ್ರಿ.ಪೂ. 5ನೆಯ ಶತಮಾನದಲ್ಲಿ ಹೆರೊಡೊಟಸ್ ಎಂಬ ಗ್ರೀಕ್ ಬರಹಗಾರ ಈಜಿಪ್ಟ್ ಸುತ್ತಿ, ಕಂಡದ್ದು ಕೇಳಿದ್ದು ಬರೆದ. ಬುಬಾಸ್ಟಿಸ್ ಎಂಬ ಊರಿನ ಜಾತ್ರೆಗೆ ಗಂಡಸರು ಹೆಂಗಸರು ಒಟ್ಟಿಗೆ ದೋಣಿ ತುಂಬ ಹಾಡುತ್ತ, ಚಪ್ಪಾಳೆ ತಟ್ಟುತ್ತ ಹೋಗುತ್ತಿದ್ದರಂತೆ. ಮಕ್ಕಳನ್ನು ಬಿಟ್ಟು 7 ಲಕ್ಷ ಜನ ಸೇರುತ್ತಾರೆ ಎಂದು ಊರಿನವರು ಅವನಿಗೆ ಹೇಳಿದರು. ಊರಿನವರು ತಮ್ಮ ಜಾತ್ರೆಯ ಲೆಕ್ಕವನ್ನು ಸ್ವಲ್ಪ ಹೆಚ್ಚೇ ಹೇಳುತ್ತಾರೆ, ಅದು ಎಲ್ಲ ಕಡೆ ಇರುವುದೇ.

ಆದರೆ ನಾನು ಹೇಳಬೇಕೆಂದಿರುವುದು ಸಾಯಿಸ್ ಎಂಬ ಊರಿನ ಹಬ್ಬ. ನೈಲ್ ನದಿ ಸಮುದ್ರ ಸೇರುವ ಕಡೆಯ ಊರು, ನೀತ್ ದೇವತೆಯ ಕ್ಷೇತ್ರ. ಅಲ್ಲಿ ಪೂಜೆಯ ರಾತ್ರಿ ಜನರೆಲ್ಲ ಮನೆಯ ಸುತ್ತ ಬಯಲಿನಲ್ಲಿ ದೀಪ ಹಚ್ಚುತ್ತಾರೆ. ದೀಪ ಅಂದರೆ ಚಪ್ಪಟೆ ತಟ್ಟೆ, ಅದರಲ್ಲಿ ಉಪ್ಪು ಮತ್ತು ಎಣ್ಣೆ, ಮೇಲೆ ತೇಲುವ ಬತ್ತಿ. ರಾತ್ರಿಯಿಡೀ ಉರಿಯಬೇಕು. ಹಬ್ಬದ ಹೆಸರೇ ದೀಪ ಹಚ್ಚುವ ಹಬ್ಬ. ಆಮೇಲೆ ಹೆರೊಡೊಟಸ್ ಒಂದು ವಿಷಯ ಸೇರಿಸುತ್ತಾನೆ. ಸಾಯಿಸ್‌ಗೆ ಬರಲಾಗದ ಈಜಿಪ್ಟಿನವರೂ ಅದೇ ರಾತ್ರಿಯನ್ನು ಕಾದು, ತಾವಿರುವಲ್ಲೇ ದೀಪ ಹಚ್ಚುತ್ತಾರೆ. ಹಾಗಾಗಿ ಆ ರಾತ್ರಿ ಸಾಯಿಸ್‌ನಲ್ಲಿ ಮಾತ್ರವಲ್ಲ, ಈಜಿಪ್ಟ್ ದೇಶದ ತುಂಬ ದೀಪ ಉರಿಯುತ್ತದೆ.

ಇದನ್ನು ಓದಿದಾಗ ಬೆಳಗಿನ ಜಾವ ಮೂರು ಗಂಟೆ, ನಾನು ಆಫೀಸಿನಲ್ಲಿ ಒಬ್ಬನೇ ಇದ್ದೆ. ನಾಲ್ಕು ವರ್ಷದ ಹಿಂದಿನ ಆ ವಾರ ಪೂರ್ತಿ ನೆನಪಾಯಿತು.

ರಜೆ ಹೋಯಿತು ಎಂದು ಮನೆಗೆ ಬಂದು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಗುರುಸ್ವಾಮಿಯವರಿಗೆ ಫೋನ್ ಮಾಡಿದರು. ಅವನ ತುಪ್ಪದ ಕಾಯಿ ನಿಮ್ಮ ಇರುಮುಡಿಯಲ್ಲಿ ಬರಲಿ, ಮಾಲೆ ನಾವು ತಿರುಗಿ ಬಂದ ಮೇಲೆ ತೆಗೆದರಾಯಿತು, ಅಲ್ಲಿಯವರೆಗೆ ನಿಯಮ ಬಿಡಬೇಡ ಎಂದು ಅವರು ನನಗೆ ಹೇಳಿದರು. ನಮ್ಮ ಗುರುಸ್ವಾಮಿಯವರು ನನಗೆ ಹೇಳಿದ್ದು ಅದು. ಇರುಮುಡಿ ಕಟ್ಟುವ ದಿನ ನಾನೇ ಕಾಯಿಗೆ ತುಪ್ಪ ತುಂಬಿದೆ. ಅಪ್ಪನ ಇರುಮುಡಿಗೆ ಮನೆಯವರೆಲ್ಲ ಒಂದೊಂದು ಹಿಡಿ ಅಕ್ಕಿ ಹಾಕುವಾಗ, ಆ ಸಲ ನಾನೂ ಮನೆಯವರ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಅವ್ವ ಇದ್ದಳು. ಅವಳು ಅಕ್ಕಿ ಹಾಕಿ, ಕಣ್ಣು ಮುಚ್ಚಿ ಏನೇನೋ ಹೆಸರು ಹೇಳಿಕೊಳ್ಳುತ್ತಿದ್ದಳು. ಬಾಗಲಕೋಟೆಯ ಅಜ್ಜಿ, ಮಾಮಾ, ತೀರಿಹೋದ ನನ್ನ ಅಕ್ಕ, ಪಕ್ಕದ ಮನೆಯ ಮರಾಠಿ ಆಂಟಿಯ ಮಗ. ಹಿಂದಿನ ವರ್ಷ ನಾನು ಇರುಮುಡಿ ಹೊತ್ತು ನಿಂತಿದ್ದಾಗ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಬಸ್ಸು ಹೋಯಿತು. ಸಂಜೆ ಮಂಚದ ಮೇಲೆ ಕೂತಿದ್ದೆ. ವ್ರತದಲ್ಲಿ ಅವ್ವ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಸ್ವಾಮಿ ಎನ್ನುತ್ತಾಳೆ, ಬಹುವಚನದಲ್ಲಿ ಮಾತಾಡಿಸುತ್ತಾಳೆ. ಇವತ್ತಿನಿಂದ ಮತ್ತೆ ಲೇ, ಬಾರೋ ಅಂತ ಶುರುವಾಗುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಅದೇ ದೊಡ್ಡ ಹೆದರಿಕೆಯಾಗಿತ್ತು. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದು, "ಯಾಕ್ರಿ ಸ್ವಾಮಿ, ಮಾರಿ ಸಣ್ಣ ಮಾಡ್ಕೊಂಡ ಕುಂತೀರಿ? ಏಳ್ರಿ, ಶರಣು ಹೇಳೂ ಹೊತ್ತಾತು" ಅಂದಳು.

ನಾವಿಬ್ಬರೇ ಶರಣು ಹೇಳಿದೆವು. ಆಮೇಲೆ ಕೇಳಿದೆ, ಅಪ್ಪ ಹೋದಾಗೆಲ್ಲ ನೀನು ಹೀಗೇ ಮಾಡುತ್ತೀಯಾ ಎಂದು. "ಮತ್ತ? ಅವರು ಬರೂತನಕಾ ದೀಪ ಆರಬಾರದು. ರಾತ್ರಿ ಎರಡ ಸಲ ಎದ್ದು ಎಣ್ಣಿ ಹಾಕ್ತೇನಿ" ಅಂದಳು. ನನಗೆ ಆಗ 22 ವರ್ಷ. ಅಪ್ಪ ಬೆಟ್ಟಕ್ಕೆ ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಅವ್ವ ರಾತ್ರಿ ಎದ್ದು ಎಣ್ಣೆ ಹಾಕುವುದನ್ನು ನೋಡಿದ್ದು ಆ ವಾರ. ಅಪ್ಪ ತಿರುಗಿ ಬರುವವರೆಗೂ ಅವ್ವ ನನ್ನನ್ನು ಸ್ವಾಮಿ ಎಂದೇ ಕರೆದಳು. ಸರ್ವರ್ ಸಾಗಿಸುವ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆಗೆ ಬಂದರೂ "ಬರ್ರಿ ಸ್ವಾಮಿ" ಅನ್ನುತ್ತಿದ್ದಳು. ಎರಡನೆಯ ಸಲ ಎಣ್ಣೆ ಹಾಕುವ ಪಾಳಿ ನಾನು ತೆಗೆದುಕೊಂಡೆ. ನಿದ್ದೆಗೆಡುವುದು ನಮಗೆ ಅಭ್ಯಾಸ ಇದೆಯಲ್ಲ.

ಚೆನ್ನೈ ಸ್ವಾಮಿ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇಷ್ಟೇ. ಇವತ್ತೇ ನಿಮ್ಮ ಗುರುಸ್ವಾಮಿಯವರಿಗೆ ಫೋನ್ ಮಾಡಿ. ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ, ನಾನು ಎರಡು ದಿನ ಹಾಗೆ ಕೂತು ಹಾಳು ಮಾಡಿಕೊಂಡೆ.

ಈ ಸಲ ಹೋಗುತ್ತಿರುವ ಸ್ವಾಮಿಗಳು ಹೊರಡುವ ಮುಂಚೆ ಮನೆಯಲ್ಲಿ ಒಂದು ಹಾಳೆ ಇಟ್ಟು, ಯಾರ ಯಾರ ಹೆಸರು ಹೇಳಬೇಕು ಎಂದು ಕೇಳಿ ಬರೆದುಕೊಳ್ಳಿ. ವ್ರತದ ದಿನಗಳಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಿಮಗೆ ನೀರು ಕಾಯಿಸಿದವರು ಯಾರು ಎಂದು ನೆನಪಿಸಿಕೊಂಡು ಅವರನ್ನೂ ಸೇರಿಸಿ. ಪಿಜಿಯಲ್ಲಿ ಇರುವವರು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇರೆ ಮಾಡಿಕೊಟ್ಟ ಅಡುಗೆಯವರ ಹೆಸರು ಮರೆಯಬೇಡಿ. ಹೆಸರು ಗೊತ್ತಿಲ್ಲದಿದ್ದರೆ ಇವತ್ತು ಕೇಳಿ. ನಾನು ಹೋದ ವರ್ಷ 31 ಹೆಸರು ಒಯ್ದಿದ್ದೆ. ಮೆಟ್ಟಿಲಿನ ಮುಂದಿನ ನೂಕುನುಗ್ಗಲಿನಲ್ಲಿ ಚೀಟಿ ತೆಗೆಯಲು ಆಗುವುದಿಲ್ಲ, ಆದ್ದರಿಂದ ಸಾಲಿನಲ್ಲಿ ನಿಂತಿರುವಾಗಲೇ ಓದಿ ಬಾಯಿಪಾಠ ಮಾಡಿಕೊಳ್ಳಿ.

ಈ ವರ್ಷದ ರಜೆ ಅರ್ಜಿಯನ್ನು ನಾನು ಜುಲೈನಲ್ಲೇ ಹಾಕಿದ್ದೇನೆ. ಆಫೀಸಿನ ಅರ್ಜಿಯಲ್ಲಿ ಕಾರಣ ಆರಿಸುವ ಪಟ್ಟಿಯಲ್ಲಿ ಕಾಯಿಲೆ ಇದೆ, ಮದುವೆ ಇದೆ, ವೈಯಕ್ತಿಕ ಇದೆ. ದೇವರ ಕಾರ್ಯ ಎಂಬುದು ಇಲ್ಲ. ವೈಯಕ್ತಿಕ ಅಂತ ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ದೇವರ ಕಾರ್ಯ ಎಂದು ಬರೆದು ಕಳಿಸಿದೆ. ಮಂಜೂರಾಗಿದೆ.

ಸ್ವಾಮಿ ಶರಣಂ.